ನಾಲ್ಕನೇ ಕೋಣೆಯ ಗೆರೆ

“ಅಂಗಡೀಲಿ ನಾನೊಬ್ಬಳೇ ಕೂತಿದೀನಿ ಅಂದ್ಕೊಳ್ಳಿ ಅಮ್ಮ. ಗಿರಾಕಿ ಬಂದು ಸಕ್ಕರೆ ಕೇಳ್ತಾನೆ. ಸಕ್ಕರೆ ಹಿಂದಿನ ಗೋಡೌನಲ್ಲಿದೆ. ನಾನೇ ಎದ್ದು ಹೋಗ್ತೀನಿ. ಅಲ್ಲಿ ಕತ್ತಲೆ, ಮೂಟೆ ಸಿಗಲ್ಲ, ತಡ ಆಗುತ್ತೆ. ಇಲ್ಲಿ ಇನ್ನೊಬ್ಬ ಗಿರಾಕಿ ಬಂದು ಕೂಗ್ತಾನೆ, ಮೇಜು ಕುಟ್ತಾನೆ. ಯಾರೂ ಓ ಅನ್ನಲ್ಲ. ಅಂಗಡಿ ತೆರೆದೇ ಇದೆ, ದೀಪ ಉರೀತಾ ಇದೆ, ಆದ್ರೆ ಅಂಗಡಿ ಸತ್ತ ಹಾಗೆ. ನನ್ನ ಕಂಪ್ಯೂಟರ್ ಪರದೆನೂ ಮೊದಲು ಹೀಗೇ ಮಾಡ್ತಿತ್ತು. ಕೋಣೆ ಎಷ್ಟು ತಣ್ಣಗಿದೆ ಅಂತ ಕೇಳ್ಕೊಂಡು ಬರೋಕೆ ಅದೇ ಹೋಗ್ತಿತ್ತು, ಬಂದು ಅದೇ ತೋರಿಸ್ತಿತ್ತು. ಹೋದಾಗ ಇಲ್ಲಿ ಯಾರೂ ಇಲ್ಲ. ಹಳೇ ಅಂಕಿನೇ ನಿಂತಿರೋದು. ಗುಂಡಿ ಒತ್ತಿದ್ರೆ ಕೇಳಲ್ಲ, ಮುಚ್ಕೋ ಅಂದ್ರೂ ಮುಚ್ಕೊಳ್ಳಲ್ಲ. ಕಲ್ಲು.

“ಆಮೇಲೆ ತಿಳೀತು, ತರೋಕೆ ಒಬ್ಬ ಬೇರೆ ಬೇಕು, ಕೂರೋಕೆ ಒಬ್ಬಳು ಬೇರೆ ಅಂತ. ಸರಿ, ತರೋಕೆ ಒಬ್ಬನ್ನ ಇಟ್ಟೆ. ಅವನೇನ್ ಮಾಡ್ದ? ತಂದ ಅಂಕಿನ ತಾನೇ ಹಲಗೆ ಮೇಲೆ ಬರೆಯೋಕೆ ಹೋದ. ಅತ್ತೆ ಸೊಸೆ ಒಂದೇ ಸೌಟಿಗೆ ಕೈ ಹಾಕಿದ ಹಾಗಾಯ್ತು, ಪಾತ್ರೆನೇ ಮಗುಚ್ಕೊಳ್ತು. ಹೇಳದೆ ಕೇಳದೆ ಪ್ರೋಗ್ರಾಮೇ ಮುಚ್ಚಿ ಹೋಗೋದು. ಕೊನೆಗೆ ನಡುವೆ ಒಂದು ಬುಟ್ಟಿ ಇಟ್ಟೆ. ತರೋನು ತಂದು ಬುಟ್ಟೀಲಿ ಹಾಕಿ ಸುಮ್ಮನೆ ವಾಪಸ್ ಹೋಗಬೇಕು. ಕೂತೋಳು ಆಗಾಗ ಬುಟ್ಟಿ ಕಡೆ ಕಣ್ಣು ಹಾಯಿಸಬೇಕು, ಇದ್ರೆ ಎತ್ಕೊಂಡು ಬರೀಬೇಕು, ಇಲ್ದಿದ್ರೆ ಗಿರಾಕಿ ನೋಡ್ಕೋಬೇಕು. ಒಬ್ಬರ ಮುಖ ಒಬ್ಬರು ನೋಡೋ ಹಾಗೇ ಇಲ್ಲ. ಆವತ್ತಿಂದ ಒಂದು ಸಲಾನೂ ನಿಂತಿಲ್ಲ ಅಮ್ಮ. ಅಂಕಿ ತಾವಾಗಿ ಬರ್ತಾವೆ, ತಾವಾಗಿ ಬದಲಾಗ್ತಾವೆ. ಯಾರೂ ಬಂದು ಹೇಳಬೇಕಾಗಿಲ್ಲ. ಅಷ್ಟು ಚೆನ್ನಾಗಿ ಮಾಡಬಾರದಿತ್ತೇನೋ.”

ನಮ್ಮ ಪಕ್ಕದ ಕೋಣೆಯವಳು ಒಂದು ಸಂಜೆ ನನ್ನ ಹೊಸ್ತಿಲ ಮೇಲೆ ಕುಳಿತು ಹೇಳಿದ ಮಾತಿದು. ನನ್ನ ಓದು ಅಕ್ಷರ ಕೂಡಿಸುವಷ್ಟಕ್ಕೇ ನಿಂತದ್ದು ಅವಳಿಗೆ ಗೊತ್ತು. ಹಾಗಾಗಿ ತನ್ನ ಕೆಲಸದ ಸಂಗತಿಯನ್ನೆಲ್ಲ ಅಂಗಡಿ, ಬುಟ್ಟಿ, ಸೌಟು ಅಂತ ಮಾಡಿ ನನ್ನ ತಟ್ಟೆಗೆ ಬಡಿಸುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಲೋ ಕಿತ್ತ ಗುಂಡಿ ಹೊಲಿಯುತ್ತಲೋ ಹೂಂಗುಟ್ಟುತ್ತಿದ್ದೆ. ಅವಳಿಗೆ ಬೇಕಾದದ್ದೂ ಅಷ್ಟೇ.

ನಮ್ಮದು ಮಹಡಿಯ ಮೇಲಿನ ಕೋಣೆಗಳ ಸಾಲು. ಒಂದೇ ಮೊಗಸಾಲೆ, ಅದರ ತುದಿಗೆ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅವಳ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ಎರಡನೇ ಕುರ್ಚಿಯ ಮೇಲೆ ಸದಾ ಮಡಿಸಿದ ಬಟ್ಟೆ ಇರುತ್ತಿತ್ತು. ಯಾರಾದರೂ ಬಂದರೆ ಬಟ್ಟೆ ಎತ್ತಿ ಮಂಚಕ್ಕೆ ಹಾಕಬೇಕು, ಹೋದ ಮೇಲೆ ಮತ್ತೆ ಕುರ್ಚಿಗೆ. ನಾನು ಹೋದಾಗಲೆಲ್ಲ ಬಟ್ಟೆ ಕುರ್ಚಿಯಲ್ಲೇ ಇರುತ್ತಿತ್ತು, ಮಡಿಕೆ ಕೂಡ ಕೆಟ್ಟಿರುತ್ತಿರಲಿಲ್ಲ.

ಐವತ್ತಕ್ಕೆ ಹತ್ತಿರದ ಹೆಂಗಸು. ತೆಳ್ಳಗೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವಳು. ಮೆಟ್ಟಿಲು ಇಳಿಯುವಾಗ ಗೋಡೆ ಸವರಿಕೊಂಡೇ ಇಳಿಯುತ್ತಿದ್ದಳು, ಎದುರಿಗೆ ಬರುವವರಿಗೆ ಜಾಗ ಬಿಡಬೇಕೆಂಬಂತೆ. ಮದುವೆಯ ಮಾತು ಬರುವ ವಯಸ್ಸಿನಲ್ಲಿ ತಾಯಿ ಹಾಸಿಗೆ ಹಿಡಿದಳಂತೆ. ಅಕ್ಕ ಗಂಡನ ಮನೆಯಿಂದ ಬಂದು ನೋಡಿ ಹೋಗುತ್ತಿದ್ದಳು. “ನೀನಿದೀಯಲ್ಲ, ನನಗೆ ಧೈರ್ಯ” ಅನ್ನುತ್ತಿದ್ದಳು. ಆ ಧೈರ್ಯ ಕೊಡುವುದರಲ್ಲೇ ಇವಳ ವಯಸ್ಸು ಕಳೆಯಿತು. ತಾಯಿ ಹೋದ ಮೇಲೆ ಅಕ್ಕನ ಫೋನು ಕಡಿಮೆಯಾಯಿತು. ಜಗಳವೇನಿಲ್ಲ. ಕೇಳಬೇಕಾದ್ದು ಮುಗಿದಿತ್ತು, ಅಷ್ಟೆ.

ಕೆಲಸ ಊರಂಚಿನ ಶೀತಲಗೃಹದಲ್ಲಿ. ಸೇಬು, ದ್ರಾಕ್ಷಿ, ಕಿತ್ತಳೆ ತುಂಬಿಡುವ ಆರು ದೊಡ್ಡ ಕೋಣೆಗಳು, ಅಂಗೈಯಗಲ ದಪ್ಪದ ಬಾಗಿಲುಗಳು. “ಸೇಬಿಗೆ ಮಾಡೋ ಉಪಚಾರದಲ್ಲಿ ಅರ್ಧ ಮನುಷ್ಯರಿಗೆ ಮಾಡಿದ್ರೆ ಯಾರೂ ಮುದುಕರಾಗಲ್ಲ” ಎಂದು ನನ್ನ ಸೊಸೆ ನಗುತ್ತಿದ್ದಳು. ಇವಳ ಕೋಣೆ ಅಂಗಳದ ಈಚೆ ಕಚೇರಿಯ ಹಿಂಬದಿಯಲ್ಲಿ. ಒಂದು ಕಿಟಕಿ, ಕಿಟಕಿಯ ಎದುರು ಗೋಡೆ. ಕಂಪ್ಯೂಟರು, ಮೇಜು, ಫ್ಯಾನು. ಯಂತ್ರದ ಗುಂಯ್ ಸದ್ದು ಇಡೀ ದಿನ. ಮನೆಗೆ ಬಂದ ಮೇಲೂ ಆ ಸದ್ದು ಕಿವಿಯಲ್ಲಿ ಇರುತ್ತದೆ, ಅದು ನಿಂತಿತು ಅಂತ ಗೊತ್ತಾಗುವ ಹೊತ್ತಿಗೆ ನಿದ್ದೆ ಬಂದಿರುತ್ತದೆ ಅನ್ನುತ್ತಿದ್ದಳು.

ಮೊದಲು ಆ ಕೋಣೆಗೆ ದಿನವಿಡೀ ಬರುತ್ತಿದ್ದವನು ಒಬ್ಬನೇ. ಅವನನ್ನು ಎಲ್ಲರೂ ಸುತ್ತಣ್ಣ ಅಂತ ಕರೆಯುತ್ತಿದ್ದರು, ಆರು ಕೋಣೆ ಸುತ್ತುವುದೇ ಅವನ ಕೆಲಸವಾಗಿದ್ದರಿಂದ. ಕಂಬಳಿಯಂಥ ಕೋಟು ಹಾಕಿಕೊಂಡು ಒಂದೊಂದು ಕೋಣೆಗೂ ನುಗ್ಗಿ, ಶಾಖಮಾಪಕ ನೋಡಿ, ಆರೂ ಅಂಕಿಗಳನ್ನು ತಲೆಯಲ್ಲೇ ಹೊತ್ತು ತಂದು ಇವಳ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಇವಳು ಕಂಪ್ಯೂಟರಿಗೆ ಹಾಕುತ್ತಿದ್ದಳು. ಆದರೆ ಬರೀ ಅಂಕಿ ಹೇಳಿ ಹೋದವನಲ್ಲ ಅವನು. ಆ ಆರು ಕೋಣೆಗಳನ್ನು ತನ್ನ ಆರು ಸೊಸೆಯರು ಅನ್ನುತ್ತಿದ್ದ.

“ತಂಗೀ, ಬರ್ಕೋ. ಒಂದನೇ ಸೊಸೆ ಎರಡು, ಯಾವಾಗಿನ ಹಾಗೆ ಶಾಂತಿ. ಎರಡನೆಯೋಳು ಎರಡೂ ಕಾಲು. ಮೂರನೆಯೋಳು ಮೂರು, ಸ್ವಲ್ಪ ಸಿಡುಕು, ಬೆಳಗ್ಗೆ ಲಾರಿಯೋರು ಬಾಗಿಲು ಬಡಿದು ಹೋಗಿದಾರೆ, ಅದಕ್ಕೆ.”

“ನಾಲ್ಕನೆಯೋಳು?”

“ಅವಳ ಸುದ್ದಿ ಕೇಳಬೇಡ. ಒಂದೂವರೆ. ಎಷ್ಟು ತಣ್ಣಗೆ ಮಾತಾಡ್ತಾಳೆ ಅಂದ್ರೆ, ಈ ಮನೆಗೆ ಯಾಕೆ ಬಂದ್ನೋ ಅನ್ಸುತ್ತೆ.”

“ಮಗಾ ಏನಂತಾನೆ?”

“ಮಗಾ ಇದ್ದಿದ್ರೆ ಸೊಸೆಯರನ್ನ ನಾನ್ಯಾಕೆ ಸುತ್ತಾ ಇದ್ದೆ?”

ಇಷ್ಟೇ ಮಾತು, ದಿನಕ್ಕೆ ಕೆಲವು ಸಲ. ಸಂಜೆ ಇವಳು ಅದನ್ನು ನನಗೆ ಒಪ್ಪಿಸುತ್ತಿದ್ದಳು, ಅವನ ದನಿಯಲ್ಲೇ. ಇವಳಿಗೆ ನಗಿಸಲು ಬರುತ್ತದೆ ಅಂತ ನನಗೆ ಗೊತ್ತಾದದ್ದು ಹಾಗೆ. ಇವಳದೇ ಮಾತು ಆಡುವಾಗ ಮಾತ್ರ ಸಪ್ಪಗೆ ಆಡುತ್ತಿದ್ದಳು.

ಸುತ್ತಣ್ಣನಿಗೆ ಮಂಡಿ ನೋವು ಶುರುವಾಯಿತು. ಬಿಸಿಲಿನಿಂದ ಚಳಿಗೆ, ಚಳಿಯಿಂದ ಬಿಸಿಲಿಗೆ ಹೊಕ್ಕು ಹೊರಟು ಕೆಮ್ಮೂ ಅಂಟಿತು. ಬಾಗಿಲಲ್ಲಿ ನಿಂತು ಅಂಕಿ ಹೇಳುವ ಮೊದಲು ಚೌಕಟ್ಟು ಹಿಡಿದು ಉಸಿರು ತಿರುಗಿಸಿಕೊಳ್ಳಬೇಕಾಗುತ್ತಿತ್ತು. ಇವಳಿಗೆ ಅದನ್ನು ನೋಡಲಾಗಲಿಲ್ಲ. ಆಗ ಹೊಳೆದದ್ದು ಈ ಪರದೆಯ ಯೋಚನೆ. ಕೋಣೆ ಕೋಣೆಗೂ ಒಂದೊಂದು ಸೆನ್ಸರ್ ಇಟ್ಟು, ತಂತಿ ಎಳೆದು, ಅದು ಹೇಳಿದ ಅಂಕಿ ನೇರವಾಗಿ ಪರದೆಗೆ ಬರುವ ಹಾಗೆ ಮಾಡುವುದು. ಮಾಲೀಕರು ಒಪ್ಪಿದರು. ಇವಳು ಕಂಪ್ಯೂಟರಿನಲ್ಲೇ ಪಾಠ ಕೇಳಿ ಕೇಳಿ ಕಲಿತಳು. ಪರದೆ ಕಲ್ಲಾಗಿ ನಿಂತದ್ದು, ಹೇಳದೆ ಮುಚ್ಚಿಹೋದದ್ದು, ಬುಟ್ಟಿ ಇಟ್ಟದ್ದು ಎಲ್ಲ ಆಗಿನ ಕಥೆ. ತಂತಿ ಎಳೆಯಲು ಬಂದವರನ್ನು ಸುತ್ತಣ್ಣ ಕೇಳಿದರೆ, ದೀಪದ ಕೆಲಸ ಅಂತ ಹೇಳಿ ಅಂತ ಅವರಿಗೆ ಹೇಳಿಕೊಟ್ಟಿದ್ದಳು. ಅವನಿಗೆ ಎಲ್ಲ ಮುಗಿದ ದಿನ ತೋರಿಸಿ ಬೆರಗು ಮಾಡಬೇಕು ಅನ್ನುವ ಆಸೆ. ನನ್ನ ಹತ್ತಿರ ಅದನ್ನು ಹೇಳುವಾಗ ಹುಡುಗಿಯಂತೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಆ ದಿನ ಬಂತು. ಮಾಲೀಕರು, ಹೊಸದಾಗಿ ಬಂದ ಮ್ಯಾನೇಜರು, ಕಚೇರಿಯ ಎಲ್ಲರೂ ಇವಳ ಕೋಣೆಯಲ್ಲಿ ತುಂಬಿದರು. ಪರದೆಯ ಮೇಲೆ ಆರು ಚೌಕ, ಚೌಕಕ್ಕೊಂದು ಅಂಕಿ, ಅಂಕಿಯ ಕೆಳಗೆ ನಡೆಯುತ್ತಾ ಹೋಗುವ ಒಂದು ಗೆರೆ. ಎಲ್ಲರೂ ನೋಡುತ್ತಿರುವಾಗಲೇ ಎರಡು ಪಾಯಿಂಟ್ ಇಪ್ಪತ್ತೈದು ಇದ್ದದ್ದು ಎರಡು ಪಾಯಿಂಟ್ ಮೂವತ್ತಾಯಿತು. ಜನ ಚಪ್ಪಾಳೆ ತಟ್ಟಿದರು. ಸುತ್ತಣ್ಣ ಕೋಟು ಹಾಕಿಕೊಂಡು ಹಿಂದೆ ನಿಂತಿದ್ದ. ಆಗಷ್ಟೇ ಒಂದು ಸುತ್ತು ಮುಗಿಸಿ ಆರು ಅಂಕಿ ತಲೆಯಲ್ಲಿ ಇಟ್ಟುಕೊಂಡು ಬಂದಿದ್ದ.

“ಅಣ್ಣಾ, ಇನ್ಮೇಲೆ ನೀವು ಚಳೀಗೆ ಹೋಗೋ ಹಾಗಿಲ್ಲ” ಅಂದಳು ಇವಳು.

ಅವನು ಪರದೆ ನೋಡಿದ. ತನ್ನ ತಲೆಯಲ್ಲಿದ್ದ ಅಂಕಿಗೂ ಅದಕ್ಕೂ ತಾಳೆ ಹಾಕಿದನೋ ಏನೋ, ಮೆಲ್ಲಗೆ ತಲೆಯಾಡಿಸಿದ.

“ಸರಿಯಾಗೇ ಹೇಳ್ತಾ ಇದೆ. ಒಳ್ಳೇದಾಯ್ತು ಬಿಡು. ಮಂಡಿ ನಿನ್ನ ಹೆಸರು ಹೇಳ್ಕೊಂಡು ಬದುಕುತ್ತೆ.”

ಅಷ್ಟು ಹೇಳಿ ಕೋಟು ಕಳಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವನಿಗೆ ಸಿಟ್ಟು ಬಂತೇ, ಸಂತೋಷವಾಯಿತೇ, ಇವಳಿಗೆ ಗೊತ್ತಾಗಲಿಲ್ಲ. ಮಾರನೆಯ ವಾರ ಅವನನ್ನು ಅಂಗಳದ ಆ ತುದಿಯ ತೂಕದ ಗೇಟಿಗೆ ಹಾಕಿದರು. ಲಾರಿಗಳನ್ನು ತೂಗುವ ಕೆಲಸ. ಕೂತು ಮಾಡುವಂಥದ್ದು. ಅಲ್ಲಿಂದ ಇವಳ ಕೋಣೆಗೆ ಬರಬೇಕಾದ ಕಾರಣವೇ ಇಲ್ಲ. ಅವನೂ ಬರಲಿಲ್ಲ.

“ನೀನೇ ಹೋಗಿ ಮಾತಾಡಿಸಬಾರದಾ?” ಅಂದೆ ನಾನು.

“ಏನಂತ ಹೋಗಲಿ ಅಮ್ಮ? ಅವರ ಕೆಲಸ ಕಿತ್ಕೊಂಡೋಳು ನಾನೇ. ಹೋಗಿ ಹಲ್ಲು ಬಿಡಲಾ?”

ಪರದೆ ಕೆಲಸ ಮಾಡುತ್ತಿತ್ತು. ಅಂಕಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಇವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತ ಕೂರುವುದಷ್ಟೇ ಉಳಿಯಿತು. ಬೆಳಿಗ್ಗೆ ಕೋಣೆಯೊಳಗೆ ಹೋದರೆ ಸಂಜೆ ಹೊರಗೆ ಬರುವವರೆಗೆ ಬಾಯಿ ತೆರೆಯದ ದಿನಗಳೂ ಇದ್ದವಂತೆ. ನಮ್ಮ ಹೊಸ್ತಿಲಿಗೆ ಬಂದು ಮೊದಲ ಮಾತು ಆಡುವಾಗ ಗಂಟಲು ಒಡೆದು ಬರುತ್ತಿತ್ತು. ಕೆಮ್ಮಿ ಸರಿ ಮಾಡಿಕೊಂಡು ಮತ್ತೆ ಆಡುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಮುಖ ಅರಳಿಸಿಕೊಂಡು ಬಂದಳು. ನನ್ನ ಸೊಸೆಯೇ ಕೇಳಿದಳು, “ಏನಕ್ಕಾ, ಇವತ್ತು ಪರದೆ ತುಂಬಾ ಸೇಬೇ ಕಾಣಿಸ್ತಾ?”

“ಅವರು ಬರ್ತಿದಾರೆ!” ಅಂದಳು.

“ಯಾರು?”

“ಸುತ್ತಣ್ಣ. ನನ್ನ ಹತ್ರ ಅಲ್ಲ, ನಾಲ್ಕನೇ ಕೋಣೆಗೆ. ದಿನಾ ಊಟದ ಹೊತ್ತಿಗೆ ಮುಂಚೆ ನಾಲ್ಕನೇ ಗೆರೆ ಮೇಲಕ್ಕೆ ಏರುತ್ತೆ ಅಮ್ಮ. ಸ್ವಲ್ಪ ಹೊತ್ತು ಅಲ್ಲೇ ಇರುತ್ತೆ, ಆಮೇಲೆ ಇಳಿಯುತ್ತೆ. ಬಾಗಿಲು ತೆಗೆದ್ರೇ ಹಾಗಾಗೋದು. ಹೊರಗಿನ ಗಾಳಿ ಒಳಗೆ ಹೋಗುತ್ತಲ್ಲ. ಆ ಹೊತ್ತಲ್ಲಿ ಆ ಕೋಣೆಗೆ ಹೋಗೋ ಕೆಲಸ ಯಾರಿಗೂ ಇಲ್ಲ. ಬೀಗದ ಕೈ ಇನ್ನೂ ಅವರ ಹತ್ರಾನೇ ಇದೆ. ಅವರಿಗೆ ಅಭ್ಯಾಸ ಬಿಡೋಕಾಗ್ತಿಲ್ಲ. ಹೋಗಿ ನೋಡ್ಕೊಂಡು ಬರ್ತಾರೆ.”

“ನೀನು ಕೇಳಿದ್ಯಾ?”

“ಕೇಳೋದೇನು, ಕಾಣಿಸ್ತಾ ಇದೆಯಲ್ಲ.”

ಅಂದಿನಿಂದ ಅವಳು ಊಟದ ಹೊತ್ತನ್ನು ಬದಲಾಯಿಸಿಕೊಂಡಳು. ನಾಲ್ಕನೇ ಗೆರೆ ಏರಲು ಶುರುವಾದರೆ ಡಬ್ಬಿ ಬಿಚ್ಚುವುದು. ಇಳಿದು ಮುಗಿಯುವಷ್ಟರಲ್ಲಿ ಉಂಡು ಮುಗಿಸುವುದು. ಸಂಜೆ ಬಂದು, “ಇವತ್ತು ಬೇಗ ಬಂದ್ರು” ಅಂತಲೋ, “ಇವತ್ತು ಹೆಚ್ಚು ಹೊತ್ತು ಇದ್ರು” ಅಂತಲೋ ಹೇಳುತ್ತಿದ್ದಳು. ಭಾನುವಾರ ಅವನಿಗೆ ರಜೆ, ಇವಳಿಗೂ ರಜೆ. ಹಾಗಾಗಿ ಭಾನುವಾರವೂ ಆ ಗೆರೆ ಏರುತ್ತದೋ ಇಲ್ಲವೋ ಅಂತ ಅವಳು ನೋಡಲಿಲ್ಲ, ನೋಡಬೇಕು ಅಂತ ಅನ್ನಿಸಲೂ ಇಲ್ಲ. ನಾನು ಸುಮ್ಮನೆ ಕೇಳುತ್ತಿದ್ದೆ. ‘ಬಂದ್ರು’ ಅನ್ನುತ್ತಿದ್ದಳೇ ಹೊರತು ‘ಹೀಗೆ ಅಂದ್ರು’ ಅಂತ ಒಂದು ದಿನವೂ ಹೇಳಲಿಲ್ಲವಲ್ಲ ಅಂತ ಮನಸ್ಸಿಗೆ ಬರುತ್ತಿತ್ತು. ಆದರೆ ಹಸಿದವರ ಮುಂದೆ ಅನ್ನ ಆರಿದೆ ಅಂತ ಯಾಕೆ ಹೇಳುವುದು?

ಮಳೆಗಾಲ ಮುಗಿದು ಹೊಸ ಹಣ್ಣು ತುಂಬಿದ ಮೇಲೆ ಹೊರಗಿನ ವ್ಯಾಪಾರಿಗಳು ನೋಡಲು ಬರುವುದಿತ್ತು. ಮ್ಯಾನೇಜರು ಇವಳ ಪರದೆಯನ್ನೇ ಮುಂದಿನ ಕಚೇರಿಯ ದೊಡ್ಡ ಟಿವಿಗೂ ಬರುವ ಹಾಗೆ ಮಾಡಿಸಿದರು. ಮಾಡಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿ, “ಗೆರೆ ಯಾಕೆ ಹೀಗೆ ನಡುಗುತ್ತೆ?” ಅಂದರು.

“ಸೆನ್ಸರ್ ಹೇಳಿದ್ದನ್ನ ಹೇಳಿದ ಹಾಗೇ ತೋರಿಸ್ತಿದೀನಿ ಸಾರ್.”

“ಹೇಳಿದ್ದನ್ನೆಲ್ಲ ಹೇಳಿದ ಹಾಗೇ ತೋರಿಸಿದ್ರೆ ಸಂಸಾರ ನಡೆಯುತ್ತೇನಮ್ಮ? ಬರೋರು ಆಸ್ಪತ್ರೆಗೆ ಬಂದ ಹಾಗೆ ಗಾಬರಿ ಬೀಳ್ತಾರೆ. ನೆಟ್ಟಗೆ ಮಾಡಿ.”

ನೆಟ್ಟಗೆ ಮಾಡುವ ಉಪಾಯ ಅವಳಿಗೆ ಗೊತ್ತಿತ್ತು. ಬಂದ ಅಂಕಿಯನ್ನು ಒಂಟಿಯಾಗಿ ತೋರಿಸದೆ ಅದರ ಹಿಂದಿನ ಒಂದಷ್ಟು ಅಂಕಿಗಳ ಜೊತೆ ಬೆರೆಸಿ, ಸರಾಸರಿ ಮಾಡಿ ತೋರಿಸುವುದು. “ಸ್ನಾನದ ನೀರಿಗೆ ಬಿಸಿ ತಣ್ಣಗೆ ಬೆರೆಸ್ತೀವಲ್ಲ ಅಮ್ಮ, ಹಾಗೆ. ಸುಡೋದೂ ತಿಳಿಯಲ್ಲ, ಕೊರೆಯೋದೂ ತಿಳಿಯಲ್ಲ.” ಐದು ಕೋಣೆಗಳಿಗೆ ಹಾಗೆ ಮಾಡಿದಳು. ಗೆರೆಗಳು ಇಸ್ತ್ರಿ ಹಾಕಿದ ಹಾಗೆ ಮಲಗಿದವು. ನಾಲ್ಕನೆಯದಕ್ಕೆ ಮಾತ್ರ ಕೈ ಹೋಗಲಿಲ್ಲ. ಅದನ್ನೂ ಬೆರೆಸಿದರೆ ಊಟದ ಹೊತ್ತಿನ ಏರು ಕರಗಿಹೋಗುತ್ತಿತ್ತು. ಆಮೇಲೆ ಆ ಕೋಣೆಯಲ್ಲಿ ಅವಳಿಗೆ ಯಾರಿದ್ದಾರೆ?

ಮ್ಯಾನೇಜರು ಬಿಡಲಿಲ್ಲ. ಮಾರನೆಯ ದಿನವೇ ಬಂದು ಬೆರಳಿಟ್ಟು ಕೇಳಿದರು, “ಐದು ಸರಿ ಇದೆ. ಇದೊಂದು ಯಾಕೆ ಗುಡ್ಡ ಹತ್ತುತ್ತೆ?”

ಆಗ ಅವಳು ಆಡಿದ ಮಾತು ಇದು. ಆಡುವಾಗ ಬಾಯಿ ತುಂಬಾ ನಗುವೇ ಇತ್ತಂತೆ: “ಅದು ಸೆನ್ಸರ್ ತಪ್ಪಲ್ಲ ಸಾರ್. ನಮ್ಮ ಸುತ್ತಣ್ಣ ಒಳಗೆ ಹೋಗಿ ನೋಡ್ಕೊಂಡು ಬರ್ತಾರೆ. ಬಾಗಿಲು ತೆಗೀತಾರಲ್ಲ, ಅದಕ್ಕೆ.”

ಮ್ಯಾನೇಜರು ಹೂಂ ಅಂದು ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಆದರೆ ಅವರನ್ನು ಅಂದು ಏನು ಫಲ, ಪರದೆ ಮಾಡಿದವಳೇ ಹೇಳಿದ ಮೇಲೆ ನಂಬದೆ ಏನು ಮಾಡುತ್ತಾರೆ? ನೇರ ತೂಕದ ಗೇಟಿಗೆ ಹೋಗಿ, ಲಾರಿಯವರೆಲ್ಲ ಇರುವಾಗಲೇ, “ನಿಮಗೆ ಕೋಣೆ ಬಾಗಿಲು ತೆಗೆಯೋಕೆ ಯಾರು ಹೇಳಿದ್ದು? ಹಣ್ಣು ಕೆಟ್ರೆ ನೀವು ಕೊಡ್ತೀರಾ?” ಅಂತ ಕೇಳಿ, ಅವನ ಹತ್ತಿರವಿದ್ದ ಬೀಗದ ಕೈ ಈಸಿಕೊಂಡರು. ಆ ಬೀಗದ ಕೈ ಆ ಕಟ್ಟಡಕ್ಕೆ ಬಣ್ಣ ಬಳಿದ ಕಾಲದಿಂದ ಅವನ ಸೊಂಟದಲ್ಲಿತ್ತು.

ಅವತ್ತು ಮಧ್ಯಾಹ್ನ ಗೆರೆ ಏರಿತು. ಇವಳು ಡಬ್ಬಿ ಬಿಚ್ಚಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ಸುತ್ತಣ್ಣ, ಚೌಕಟ್ಟು ಹಿಡಿದುಕೊಂಡು. ಅವಳು ಪರದೆ ನೋಡಿದಳು. ಗೆರೆ ಇನ್ನೂ ಏರುತ್ತಲೇ ಇತ್ತು. ಮತ್ತೆ ಅವನನ್ನು ನೋಡಿದಳು.

“ನೀವು... ನೀವು ಇಲ್ಲಿ ಇದೀರಲ್ಲ?”

“ಇನ್ನೆಲ್ಲಿರಬೇಕಿತ್ತು?”

“ನಾಲ್ಕನೇದರಲ್ಲಿ.”

“ಓ, ಹಾಗಾದ್ರೆ ನಿಜಾನೇ. ನೀನೇ ಹೇಳಿದ್ದು.” ಅವನು ಕೂರಲಿಲ್ಲ. “ತಂಗೀ, ನಾನು ಆ ಕಡೆ ಕಾಲಿಟ್ಟಿದ್ರೆ ನನ್ನ ಮಂಡಿ ಮುರೀಲಿ. ನೀನು ಪರದೆ ತೋರಿಸಿದ ದಿನವೇ ಕೋಟು ಕೊಟ್ಟು ಬಂದೆ. ನಾನ್ಯಾಕೆ ಹೋಗಲಿ, ನಿನ್ನ ಯಂತ್ರ ಇರೋವಾಗ?”

“ಮತ್ತೆ ಇದು?” ಅವಳು ಗೆರೆಯ ಮೇಲೆ ಬೆರಳಿಟ್ಟಳು. ಅದು ಏರಿ ನಿಂತಿತ್ತು.

ಅವನು ಬಗ್ಗಿ ನೋಡಿದ. ನೋಡಿ, ಸಿಟ್ಟು ಎಲ್ಲಿಗೆ ಹೋಯಿತೋ, ನಗು ತಡೆಯಲಾರದೆ ಕೆಮ್ಮು ಬಂತು.

“ಅಯ್ಯೋ ನಿನ್ನ! ಇದು ಮಂಜು ಕರಗಿಸೋ ಹೀಟರ್ ಅಲ್ವಾ? ಒಳಗೆ ಪೈಪಿಗೆ ಮಂಜು ಕಟ್ಟುತ್ತೆ. ಅದನ್ನ ಕರಗಿಸೋಕೆ ದಿನಾ ತಾನೇ ಬಿಸಿ ಮಾಡ್ಕೊಳ್ಳುತ್ತೆ. ಎಲ್ಲಾ ಒಟ್ಟಿಗೆ ಹತ್ತಿಕೊಂಡ್ರೆ ಕರೆಂಟ್ ತಡೆಯಲ್ಲ ಅಂತ ಒಂದೊಂದಕ್ಕೆ ಒಂದೊಂದು ಹೊತ್ತು ಇಟ್ಟಿದಾರೆ. ಉಳಿದೋವು ರಾತ್ರಿ, ನಸುಕಲ್ಲಿ. ನಾಲ್ಕನೆಯೋಳು ಮಧ್ಯಾಹ್ನ. ಅವಳು ತಲೆಗೆ ನೀರು ಹಾಕ್ಕೊಳ್ಳೋ ಹೊತ್ತು ಅದು. ಆಗ ಹೋಗಿ ಅಳೆದ್ರೆ ಸುಳ್ಳು ಅಂಕಿ ಬರುತ್ತೆ ಅಂತ ನಾನೇ ಆ ಹೊತ್ತಲ್ಲಿ ಅವಳ ಬಾಗಿಲಿಗೆ ಹೋಗ್ತಿರಲಿಲ್ಲ.”

ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಅಷ್ಟು ವರ್ಷ ಅವಳಿಗೆ ಕೋಣೆ ಅಂದರೆ ಅವನು ಆರಿಸಿ ತಂದು ಹೇಳಿದ ಅಂಕಿ. ಅವನು ಬಿಟ್ಟು ಬಂದ ಹೊತ್ತು ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

“ನಾನು ಬರ್ತೀನಿ ಅಂದ್ಕೊಂಡಿದ್ದೆಯಾ?” ಅಂದ ಅವನು, ಈಗ ಮೆಲ್ಲಗೆ. “ದಿನಾ?”

ಅವಳು ಡಬ್ಬಿಯ ಮುಚ್ಚಳ ಹಾಕಿ ಎದ್ದು ಮ್ಯಾನೇಜರ ಕೋಣೆಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋದ ಮಾತಿನ ಹಿಂದೆ ಇನ್ನೊಂದು ಮಾತನ್ನಾದರೂ ಕಳಿಸಬೇಕಲ್ಲ. ತಪ್ಪು ತನ್ನದು, ಅದು ಹೀಟರಿನ ಬಿಸಿ, ಬಾಗಿಲು ಯಾರೂ ತೆಗೆದಿಲ್ಲ ಅಂತ ಹೇಳಿದಳು. ಮ್ಯಾನೇಜರು, “ಹೌದಾ?” ಅಂದರು. ಬೀಗದ ಕೈಯನ್ನು ಮೇಜಿನ ಈ ಕಡೆಗೆ ತಳ್ಳಿ, “ಹಾಗಾದ್ರೆ ಅದನ್ನೂ ನೆಟ್ಟಗೆ ಮಾಡೋಕೆ ಏನೂ ಅಡ್ಡಿ ಇಲ್ವಲ್ಲ” ಅಂದರು. ಇಲ್ಲ ಅಂದಳು. ಸಂಜೆಯೊಳಗೆ ನಾಲ್ಕನೇ ಗೆರೆಯೂ ದೊಡ್ಡ ಟಿವಿಯಲ್ಲಿ ಉಳಿದ ಐದರ ಪಕ್ಕ ಮಲಗಿತು.

ಮಾರನೆಯ ದಿನ ಬೀಗದ ಕೈ ಹಿಡಿದುಕೊಂಡು ತೂಕದ ಗೇಟಿಗೆ ಹೋದಳು. ಅಂಗಳದ ಆ ತುದಿಗೆ ಅವಳು ಹೋದದ್ದೇ ಅಪರೂಪ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಕಟ್ಟಿಕೊಂಡೇ ಹೋದಳಂತೆ. ಅಲ್ಲಿ ನೋಡಿದರೆ ಜಾತ್ರೆ. ಲಾರಿಗಳು ಸಾಲಾಗಿ ನಿಂತಿವೆ, ಡ್ರೈವರುಗಳು ಅವನ ಗೂಡಿನ ಸುತ್ತ ಕೂತು ನಿಂತು ಹರಟೆ. ತೂಕದ ಹಲಗೆಯ ಮೇಲೆ ಲಾರಿ ಹತ್ತಿಸಿದ ಒಬ್ಬ ದಪ್ಪ ಡ್ರೈವರು ಕೆಳಗೆ ಇಳಿದಿರಲಿಲ್ಲ.

“ಇಳಿಯಯ್ಯಾ ಭಾವ!” ಸುತ್ತಣ್ಣ ಕೂಗುತ್ತಿದ್ದ. “ನಿನ್ನ ಹೊಟ್ಟೇನೂ ಸೇಬು ಅಂತ ತೂಗಬೇಕಾ?”

“ಹೊಟ್ಟೆ ಒಳಗೆ ಎರಡು ಸೇಬು ಇದೆ ಕಣಣ್ಣಾ!”

“ಹಾಗಾದ್ರೆ ಅದನ್ನ ನಿನ್ನ ಹೆಂಡತಿ ಹತ್ರ ಇಳಿಸಿ ಬಾ, ನನ್ನ ಹಲಗೆ ಬಗ್ಗೋದು ಬೇಡ!”

ಎಲ್ಲರೂ ಹೋ ಅಂತ ನಕ್ಕರು. ಇವಳು ಒಂದು ಲಾರಿಯ ನೆರಳಲ್ಲಿ ನಿಂತು ಕೇಳಿದಳು. ಅದೇ ದನಿ, ಮಾತು ಎಸೆದು ಕಣ್ಣು ಕಿರಿದು ಮಾಡುವ ಅದೇ ರೀತಿ. ಇವಳ ಬಾಗಿಲಿಗೆ ಅಂತ ಅವನು ಬೇರೆ ಎತ್ತಿಟ್ಟದ್ದು ಏನೂ ಇರಲಿಲ್ಲ. ಎದುರಿಗೆ ಯಾರಿದ್ದರೆ ಅವರಿಗೆ ಬಡಿಸುವ ಕೈ ಅದು.

ಅವನು ಇವಳನ್ನು ನೋಡಿ ಎದ್ದು ಬಂದ. ಇವಳು ಬೀಗದ ಕೈ ಚಾಚಿ, ಕಟ್ಟಿಕೊಂಡು ಹೋದ ಮಾತಿನಲ್ಲಿ ಅರ್ಧ ಹೇಳುವಷ್ಟರಲ್ಲಿ, “ಬಿಡು ತಂಗಿ, ಅದೇನ್ ಮಹಾ. ನಾನಂತೂ ಆಗಲೇ ಮರೆತೆ” ಅಂದ. “ಬೀಗದ ಕೈಯನ್ನ ಅವರ ಹತ್ರಾನೇ ಇಡು. ಸೊಂಟ ಹಗುರ ಆಗಿದೆ. ಕೂತ್ಕೋ, ಟೀ ತರಿಸ್ತೀನಿ.” ಸ್ಟೂಲು ಕಾಲಲ್ಲಿ ತಳ್ಳಿದ. ಅಷ್ಟರಲ್ಲಿ ಹಿಂದಿನ ಲಾರಿ ಹಾರನ್ ಒತ್ತಿತು. “ಬಂದೆನಪ್ಪಾ, ನಿಮ್ಮಪ್ಪನ ಮದುವೆಗೆ ಹೊರಟಿದೀಯಾ?” ಅಂತ ಆ ಕಡೆ ಓಡಿದ. ಒಂದಾದ ಮೇಲೆ ಒಂದು ಲಾರಿ. ಇವಳು ಟೀ ಬರುವವರೆಗೆ ಕೂತಳು, ಕುಡಿದಳು, ಲೋಟ ಇಟ್ಟಳು. ಅವನು ದೂರದಿಂದ ಕೈ ಎತ್ತಿದ. ಇವಳೂ ಎತ್ತಿದಳು. ಬೀಗದ ಕೈ ಇವಳ ಮುಷ್ಟಿಯಲ್ಲೇ ಉಳಿದು ಬೆಚ್ಚಗಾಗಿತ್ತು. ಹೋಗುವಾಗ ಕಚೇರಿಯಲ್ಲಿ ಕೊಟ್ಟು ತನ್ನ ಕೋಣೆಗೆ ಹೋದಳು.

ಸಂಜೆ ಇದನ್ನೆಲ್ಲ ಹೇಳುವಾಗ ಅವಳು ಯಾರ ದನಿಯನ್ನೂ ಅಣಕಿಸಲಿಲ್ಲ. ಡ್ರೈವರನ ಹೊಟ್ಟೆಯ ಮಾತಿಗೆ ನನ್ನ ಸೊಸೆ ಒಳಗಿನಿಂದ ಕಿಸಕ್ಕನೆ ನಕ್ಕಳು. ಅವಳು ನಗಲಿಲ್ಲ.

“ಅವರಿಗೆ ಕೋಪ ಇದ್ದಿದ್ರೆ ಚೆನ್ನಾಗಿತ್ತು ಅಮ್ಮ” ಅಂದಳು. “ಕೋಪ ಆರೋವರೆಗಾದ್ರೂ ಹೋಗಿ ಬರ್ತಿದ್ದೆ.”

“ಈಗಲೂ ಹೋಗು. ಟೀ ಕೊಟ್ಟನಲ್ಲ.”

“ಕೊಟ್ರು. ಯಾರು ಹೋದ್ರೂ ಕೊಡ್ತಾರೆ.”

ಅವಳು ಕನ್ನಡಕ ಸೆರಗಿಗೆ ಒರೆಸಿಕೊಂಡು, ನನ್ನನ್ನು ನೋಡದೆ ಹೇಳಿದಳು, “ಟಿವಿಗೆ ನೆಟ್ಟಗೇ ಹೋಗ್ತಿದೆ. ನನ್ನ ಪರದೇಲಿ ಮಾತ್ರ ಒಂದು ಮೂಲೇಲಿ ನಾಲ್ಕನೇ ಗೆರೆನ ಬೆರೆಸದೆ ಇಟ್ಟಿದೀನಿ, ಸಣ್ಣದಾಗಿ. ಇವತ್ತೂ ಏರಿತು. ಹೀಟರ್ ಅಂತ ಗೊತ್ತು. ಗೊತ್ತಿದ್ದೂ ಡಬ್ಬಿ ಬಿಚ್ಚಿದೆ.”

“ಉಂಡೆಯಾ?”

“ಹೂಂ. ಉಂಡೆ.”

ಅಷ್ಟರಲ್ಲಿ ಮೊಗಸಾಲೆಯ ತುದಿಯಲ್ಲಿ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ನೀರು ಬಿಡಲು ಶುರುಮಾಡಿತು. ಅವಳು ಎದ್ದು ಒಳಗೆ ಹೋಗಿ ಬೆಳಗಿನ ಪಾತ್ರೆಗಳನ್ನು ತಂದಳು. ಒಂದು ತಟ್ಟೆ, ಒಂದು ಲೋಟ, ಅಡಿ ಹತ್ತಿದ ಒಂದು ಚಿಕ್ಕ ಪಾತ್ರೆ. ನಲ್ಲಿಯ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಮೊದಲು ಪಾತ್ರೆಗೆ ನೀರು ತುಂಬಿ ನೆನೆಯಲು ಬಿಟ್ಟಳು. ತಟ್ಟೆ, ಲೋಟ ತಿಕ್ಕಿ ತೊಳೆದಳು. ಆಮೇಲೆ ಪಾತ್ರೆ ಎತ್ತಿಕೊಂಡು, ಅಡಿ ಬಿಡುವವರೆಗೆ ನಾರಿನಿಂದ ಉಜ್ಜಿದಳು. ಜಾಲಿಸಿ, ಮೂರನ್ನೂ ಗೋಡೆಯಂಚಿಗೆ ಬೋರಲು ಹಾಕಿ, ನಲ್ಲಿ ತಿರುಗಿಸಿ ನಿಲ್ಲಿಸಿದಳು.